ಹೊಗೆ ತೋರಿಸಿದ ಜಾಡಿ

ನಾನು ಹಾಲಿನ ಕ್ಯಾನಲ್ಲ. ಮೊದಲೇ ಹೇಳಿಬಿಡುತ್ತೇನೆ, ನೋಡಿದವರೆಲ್ಲ ಹಾಗೇ ಅಂದುಕೊಳ್ಳುತ್ತಾರೆ. ನಾನೊಂದು ಪಶು ಆಸ್ಪತ್ರೆಯ ಜಾಡಿ. ಕಾರ್ಖಾನೆಯಲ್ಲಿ ಒಂದರೊಳಗೊಂದು ಎರಡು ಕೊಡ ಇಟ್ಟಂತೆ ನನ್ನನ್ನು ಮಾಡಿ, ನಡುವಿನ ಗಾಳಿಯನ್ನೆಲ್ಲ ಹೀರಿ ತೆಗೆದರು. ಹೊಟ್ಟೆಗೆ ದ್ರವ ಸಾರಜನಕ ಸುರಿದರು. ನನ್ನ ಮುಂದೆ ಐಸೂ ಬಿಸಿಯೇ ಅನ್ನಿ. ಆ ಚಳಿಯಲ್ಲಿ ಸರ್ಕಾರಿ ಕೇಂದ್ರದ ಮುರ್ರಾ ತಳಿಯ ಕೋಣಗಳ ವೀರ್ಯ ತುಂಬಿದ ಸಣ್ಣ ಕಡ್ಡಿಗಳು ಮಲಗಿರುತ್ತವೆ. ಚಳಿ ಹೋದರೆ ಅವು ಸತ್ತವು.

ಜಿಲ್ಲಾ ಕಚೇರಿಯ ಉಗ್ರಾಣದಲ್ಲಿ ಕೆಲಕಾಲ ಧೂಳು ತಿಂದು, ಧಾರವಾಡ ಸೀಮೆಯ ಮಾದನಕೊಪ್ಪಕ್ಕೆ ಬಂದೆ. ಅಲ್ಲಿನ ಪಶು ಆಸ್ಪತ್ರೆಯ ಇನ್‌ಸ್ಪೆಕ್ಟರ್ ಗುರುಪಾದಪ್ಪ ನನ್ನನ್ನು ಬೈಕಿಗೆ ಕಟ್ಟಿಕೊಂಡು ಓಣಿ ಓಣಿ ಸುತ್ತಿದ. ಸುಳ್ಳೇಕೆ, ಒಳ್ಳೆಯ ದಿನಗಳೂ ಇದ್ದವು. ಸುರುಳಿ ಕೊಂಬಿನ ಕರುಗಳು ಹುಟ್ಟಿದವು, ಬೆಳೆದು ಕೊಡ ತುಂಬ ಹಾಲು ಕೊಟ್ಟವು. ಅದನ್ನು ನೋಡಿ ಊರಿನ ಕೋಣಗಳ ಬೀಜ ಒಡೆಸಿದರು. ಇನ್ನು ಎಮ್ಮೆ ಬೆದೆಗೆ ಬಂದರೆ ನಾನೇ ಗತಿ.

ಊರಿನ ಫಕೀರವ್ವನಿಗೆ ಮಕ್ಕಳಿರಲಿಲ್ಲ. ತವರಿನವರು ಕೊಟ್ಟ ಎಮ್ಮೆಯೊಂದಿತ್ತು, ಅದೇ ಅವಳ ಜೀವ. ಗುರುಪಾದಪ್ಪ ಒಮ್ಮೆ ಅವಳ ಅಂಗಳಕ್ಕೆ ಹೋಗಿ ಕಡ್ಡಿ ಹಾಕಿದ್ದ, ಗಬ್ಬ ನಿಂತಿರಲಿಲ್ಲ. ಎರಡನೆಯ ಸಲ ಹೋದಾಗ ಅವಳ ಅತ್ತೆ ಕಟ್ಟೆಯ ಮೇಲೆ ಕೂತಿದ್ದಳು.

"ಗೊಡ್ಡಿ ಕೈಯಾಗ ಗೊಡ್ಡೆಮ್ಮಿ. ಬೆದಿ ಮುಗದ ಮ್ಯಾಲೆ ಕರಸ್ಯಾಳ. ಮುಂದಿನ ಸಲ ಗಬ್ಬ ಆಗ್ಲಿಲ್ಲಂದ್ರ ಕಟಗರಿಗೆ ಹೊಡದಬಿಡೂದು," ಅಂದಳು.

"ನನ್ನ ಎಮ್ಮಿ ಗೊಡ್ಡಲ್ರಿ ಅತ್ತಿ," ಎಂದು ಫಕೀರವ್ವ ಎಮ್ಮೆಯ ಕೊರಳು ಸವರಿದಳು. ಎಮ್ಮೆಯ ಬೆದೆ ಸದ್ದಿಲ್ಲದ್ದು, ಹಸುವಿನಂತೆ ಕೂಗಿ ಹೇಳುವುದಿಲ್ಲ. ಅಂದಿನಿಂದ ಅವಳು ಅದನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದಳು.

ಅಷ್ಟರಲ್ಲಿ ಬರಡು ರಾಸುಗಳ ಶಿಬಿರ ಬಂತು. ಶಾಮಿಯಾನ, ಹಾರ, ಭಾಷಣ. ನನ್ನನ್ನು ವೇದಿಕೆಯ ಮೇಜಿನ ಮೇಲೆ ಕೂರಿಸಿದರು. ಮುಚ್ಚಳ ತೆಗೆದರೆ ಬಿಳಿ ಹೊಗೆ ಉಕ್ಕುತ್ತದಲ್ಲ, ಜಿಲ್ಲೆಯಿಂದ ಬಂದ ದೊಡ್ಡವರಿಗೆ ಅದೇ ತಮಾಷೆ. ದೀಪ ಹಚ್ಚುವ ಬದಲು ನನ್ನ ಮುಚ್ಚಳ ತೆಗೆದೇ ಉದ್ಘಾಟನೆ ಮಾಡಿದರು.

"ಇನ್ನೊಮ್ಮೆ ತಗೀರಿ, ಫೋಟೋ ಚಲೋ ಬರ್ಲಿಲ್ಲ," ಎಂದ ಒಬ್ಬ. ಕಡ್ಡಿಗಳನ್ನೂ ಎತ್ತಿ ತೋರಿಸಿ ಎಂದ ಇನ್ನೊಬ್ಬ. ಬಿಸಿಲಲ್ಲಿ ಎತ್ತಿ ಹಿಡಿದರು.

"ಸಾಹೇಬ್ರ, ಒಳಗಿಂದೆಲ್ಲಾ ಹಾರಿ ಹೋಗ್ತೈತ್ರಿ," ಎಂದು ಗುರುಪಾದಪ್ಪ ಗೊಣಗಿದ. ಯಾರು ಕೇಳಬೇಕು? ಊಟ ಮುಗಿಯುವವರೆಗೂ ಮುಚ್ಚಳ ಹಾರಗಳ ನಡುವೆ ಬಿದ್ದಿತ್ತು. ಅವರು ಹೊಗೆ ಅಂದುಕೊಂಡದ್ದು ನನ್ನ ಪ್ರಾಣ.

ಮರುದಿನ ಬೆಳಿಗ್ಗೆ ಫಕೀರವ್ವ ಎಮ್ಮೆ ಹೊಡೆದುಕೊಂಡು ಆಸ್ಪತ್ರೆಗೆ ಬಂದಳು. "ಸರಿಯಾದ ಹೊತ್ತಿಗೆ ಹಿಡದೇನ್ರಿ ಈ ಸಲ," ಅಂದಳು, ಮುಖ ಅರಳಿತ್ತು. ಗುರುಪಾದಪ್ಪ ನನ್ನೊಳಗೆ ಅಳತೆಗೋಲು ಇಳಿಸಿದ. ತಳ ಒಣಗಿತ್ತು. ಖಾಲಿ ಎಂದರೆ ಯಾಕೆ ಖಾಲಿ ಎಂದು ಕೇಳುತ್ತಾರೆ, ಉತ್ತರ ದೊಡ್ಡವರ ಬಾಗಿಲಿಗೆ ಹೋಗಿ ನಿಲ್ಲುತ್ತದೆ. ಅವನು ಅವಳ ಮುಖ ನೋಡದೆ ಸತ್ತ ಕಡ್ಡಿಯನ್ನೇ ಹಾಕಿದ. ನನಗೆ ಇಷ್ಟಗಲ ಬಾಯಿ ಇದೆ, ಏನು ಬಂತು?

"ನಿಮ್ಮ ಹೊಟ್ಟಿ ತಣ್ಣಗಿರ್ಲಿ," ಎಂದು ಅವನನ್ನು ಹರಸಿ ಫಕೀರವ್ವ ಎಮ್ಮೆಯ ಹಿಂದೆ ನಡೆದಳು.

ಈಗ ನನ್ನ ಗೋಡೆಯೊಳಗೆ ಗಾಳಿ ಹೊಕ್ಕಿದೆ, ಚಳಿ ನಿಲ್ಲುವುದಿಲ್ಲ. ಹೊಸ ಜಾಡಿ ಬಂದು ನಾನು ಮುರಿದ ಕುರ್ಚಿಯ ಪಕ್ಕ ಮೂಲೆ ಸೇರಿದೆ. ಮೊನ್ನೆ ಫಕೀರವ್ವ ಅತ್ತೆಯ ಆಡುಗಳಿಗೆ ಔಷಧಿ ಕೇಳಿಕೊಂಡು ಬಂದಳು. ಆ ಸಲವೂ ಗಬ್ಬ ನಿಲ್ಲದ ಎಮ್ಮೆಯನ್ನು ಎಂದೋ ಕಟುಕರ ಗಾಡಿಗೆ ಹತ್ತಿಸಿದ್ದರು. ಬಾಟಲಿ ತೆಗೆದುಕೊಂಡರೂ ಅವಳು ಹೋಗಲಿಲ್ಲ.

"ಸಾಹೇಬ್ರ, ನಮ್ಮೆಮ್ಮಿ ಖರೇನ ಗೊಡ್ಡಿತ್ತೇನ್ರಿ?"

ಗುರುಪಾದಪ್ಪ ಕಿಟಕಿಯ ಕಡೆ ತಿರುಗಿದ. "ಕೆಲವು ಹುಟ್ಟಾ ಹಂಗ ಇರ್ತಾವವ್ವ."

ಅವಳು ತಲೆಯಾಡಿಸಿದಳು. "ಆತ್ ಬಿಡ್ರಿ. ನಾನ ಸುಮ್ನ ನಮ್ಮತ್ತಿಗೆ ಎದುರಾಡಿದೆ. ಹೋಗಿ ತಪ್ಪಾತಂತ ಕಾಲ್ ಹಿಡೀತೇನಿ."