ಚಿಂತಾಕಿಯ ಸೆಂಟರ್ ಮತ್ತು ಅವನ ಐಬುಗಳು

ಗುಡ್ಡುವಿಗೆ ಪೊಲೀಸ್ ಕೆಲಸ ಸಿಕ್ಕು ಹೋದ ಮೇಲೆ ನಮ್ಮ ಬೀದರ ಬಾಸ್ಕೆಟ್‌ಬಾಲ್ ತಂಡಕ್ಕೆ ಸೆಂಟರ್ ಇರಲಿಲ್ಲ. ಸೆಂಟರ್ ಅಂದರೆ ತಂಡದಲ್ಲಿ ಎಲ್ಲರಿಗಿಂತ ಎತ್ತರದವನು. ರಿಂಗಿನ ಕೆಳಗೆ ನಿಂತು, ಬಡಿದು ಹೊರಬರುವ ಚೆಂಡನ್ನು ಹಿಡಿಯಬೇಕು, ಎದುರಾಳಿಗಳನ್ನು ಒಳಗೆ ಬಿಡಬಾರದು. ಔರಾದಿಗೆ ಹೋಗುವ ಬಸ್ಸಿನಲ್ಲಿ ಕತ್ತು ಮಡಚಿಕೊಂಡು ನಿಂತಿದ್ದ ಓಂಪ್ರಕಾಶನನ್ನು ಹುಡುಕಿ ತಂದವನು ನಾನು. ಚಿಂತಾಕಿ ಹಳ್ಳಿಯ ಕುರಿ ಸಾಕುವ ಮನೆಯ ಮೊಮ್ಮಗ. ಎರಡು ತಿಂಗಳು ಅವನಿಗೆ ಕಲಿಸಿದೆ. ಕಲಿಸಿದೆ ಎನ್ನುವುದು ಸರಿಯಾದ ಮಾತೋ ಅಲ್ಲವೋ, ಈಗಲೂ ನನಗೆ ಅನುಮಾನ.

ಭಾನುವಾರ ಭಾಲ್ಕಿಯಲ್ಲಿ ಅವನ ಪರೀಕ್ಷೆಗೆಂದೇ ಒಂದು ಪಂದ್ಯ ಇಟ್ಟಿದ್ದೆವು. ನಮ್ಮ ಸಂಘದ ಕಾರ್ಯದರ್ಶಿ ಸುಶೀಲಕುಮಾರರು ಬೆಳಿಗ್ಗೆಯೇ ಹೇಳಿದ್ದರು.

"ದತ್ತಾತ್ರಿ, ಅವನ ಬಲ ಏನು, ಕಮ್ಮಿ ಏನು, ಆಟ ಮುಗಿದ ಕೂಡ್ಲೆ ಹೇಳಬೇಕ್ರಿ. ಹಂಗೂ ಇರಬಹುದು, ಹಿಂಗೂ ಇರಬಹುದು ಅಂತ ಸುರು ಹಚ್ಚಬ್ಯಾಡ್ರಿ ಮತ್ತ."

ಅವಸರಕ್ಕೆ ಕಾರಣವಿತ್ತು. ಸೋಮವಾರ ಮುಂಜಾನೆ ಓಂಪ್ರಕಾಶನ ಮನೆಯ ಹಿಂಡು ಮೇವು ಹುಡುಕಿ ದೂರ ಹೊರಡುತ್ತಿತ್ತು. ಆಯ್ಕೆಯಾದರೆ ಅವನು ಬೀದರಿನಲ್ಲಿ ಉಳಿಯುತ್ತಾನೆ. ಆಗದಿದ್ದರೆ ಹಿಂಡಿನ ಜೊತೆ ಹೋಗಿ ಮಳೆಗಾಲಕ್ಕೇ ತಿರುಗಿ ಬರುವುದು. ಅವನಿಗೆ ಉಳಿಯುವ ಆಸೆ ಎಷ್ಟಿತ್ತೆಂದರೆ, ಜೆರ್ಸಿಯನ್ನು ರಾತ್ರಿಯೇ ಒಗೆದು ಟಗರಿನ ಬೆನ್ನ ಮೇಲೆ ಹರಡಿ ಒಣಗಿಸಿಕೊಂಡು ಬಂದಿದ್ದ. ಬೆನ್ನಿನ ನಂಬರಿನ ತುಂಬ ಉಣ್ಣೆ ಅಂಟಿತ್ತು.

ಜೊತೆಗೆ ಅವನ ಅಜ್ಜಿ ಭೀಮಬಾಯಿಯೂ ಬಂದಿದ್ದಳು. ಮೈದಾನದ ನಡುಗೆರೆಯ ಮೇಲೆ ಕಂಬಳಿ ಹಾಸಿ ಕುಳಿತು, ಮೊಮ್ಮಗನನ್ನು ಬಗ್ಗಿಸಿ ಬೆನ್ನ ಮೇಲೆ ಕೈಯಿಟ್ಟಳು.

"ಎಲ್ಲಾರೂ ಕೇಳ್ರಿ. ಇವನ ಐಬು ಹೇಳ್ತೇನಿ."

ಅವರ ಮನೆಯ ಪದ್ಧತಿ ಅದು. ಟಗರು ಕೊಡುವಾಗ ನಾಲ್ಕು ಜನರೆದುರು ಅದರ ಐಬುಗಳನ್ನೆಲ್ಲ ಹೇಳಿಯೇ ಕೊಡುವುದು. ಮುಚ್ಚಿಟ್ಟು ಕೊಟ್ಟದ್ದು ಮರಳಿ ಮನೆಗೆ ಬರುತ್ತದೆಂದು ಅವರ ನಂಬಿಕೆ.

"ನಿಂತಲ್ಲೇ ನಿದ್ದಿ ಮಾಡ್ತಾನ. ಹಲ್ಲಿ ಕಂಡ್ರ ಅಂಜ್ತಾನ. ಊಟಕ್ಕ ಕುಂತ್ರ ಏಳೂದಿಲ್ಲ. ಹೆಗಲ ಮ್ಯಾಲ ಭಾರ ಹೊತ್ರ ಎಡಕ್ಕ ವಾಲ್ತಾನ."

"ಆಯಿ, ಸಾಕ ಬಿಡು," ಎಂದ ಓಂಪ್ರಕಾಶ, ಬಗ್ಗಿದಲ್ಲಿಂದಲೇ.

"ನೀ ಸುಮ್ನಿರೋ. ಹೋದಾವ ತಿರುಗಿ ಬರಬಾರದು."

"ಗುಣನೂ ಹೇಳ್ರಿ ಆಯಿ," ಎಂದೆ ನಾನು, ಸ್ವಲ್ಪ ಆಸೆಯಿಂದ.

"ಗುಣ ತೊಗೊಳ್ಳಾವ್ರು ನೋಡ್ಕೋಬೇಕ್ರಿ ಸರ್. ನಾ ಹೇಳಿದ್ರ ಯಾಪಾರ ಆಗ್ತದ."

ಕಂಬಳಿಯನ್ನು ಗೆರೆಯಾಚೆ ಎಳೆದು ಅಜ್ಜಿಯನ್ನು ಕೂರಿಸಿದ ಮೇಲೆ ಪಂದ್ಯ ಶುರುವಾಯಿತು. ಅಜ್ಜಿ ಹೇಳಿದ ಮೊದಲ ಐಬು ಕೂಡಲೇ ಕಂಡಿತು. ಎದುರಾಳಿಯ ರಿಂಗಿನ ಕೆಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂಬ ನಿಯಮವಿದೆ. ಓಂಪ್ರಕಾಶ ಒಂದು ಕಾಲು ಮಡಚಿ, ಇಲ್ಲದ ಕೋಲಿಗೆ ಗದ್ದವೂರಿದವನಂತೆ ಅಲ್ಲಿ ನಿಂತುಬಿಟ್ಟ. ರೆಫರಿ ಹಬೀಬರು ಸೀಟಿ ಊದಿದರು. ಆಮೇಲೆ ಮತ್ತೆ ಮತ್ತೆ ಊದಿದರು. ಸುಶೀಲಕುಮಾರರು ನನ್ನ ಕಡೆ ನೋಡಿದರು. ನಾನು ಆಕಾಶ ನೋಡಿದೆ.

ಆದರೆ ಚೆಂಡು ಭಾಲ್ಕಿಯವರ ಕೈಗೆ ಹೋದಾಗ ಅವನಿಗೆ ಎಚ್ಚರವಾಯಿತು. ಎರಡೂ ಕೈ ಅಗಲಿಸಿ, ನಾಲಿಗೆ ಲೊಚಗುಟ್ಟಿಸುತ್ತ, "ಹುರ್ರ್... ತ್ರೋ... ತ್ರೋ..." ಎಂದು ಅಡ್ಡಡ್ಡ ನಡೆದ. ಯಾರನ್ನೂ ಮುಟ್ಟಲಿಲ್ಲ. ಭಾಲ್ಕಿಯ ಐದೂ ಜನ ಹಿಂದೆ ಸರಿದರು, ಒಟ್ಟುಗೂಡಿದರು, ಮೂಲೆ ಸೇರಿದರು. ಚೆಂಡು ಅನಾಥವಾಗಿ ನಡುವೆ ಪುಟಿಯುತ್ತಿತ್ತು. ನಮ್ಮವರು ಎತ್ತಿಕೊಂಡು ಹೋಗಿ ಹಾಕಿದರು.

"ಯಾಕಲೇ ಹೋದ್ರಿ?" ಎಂದು ಭಾಲ್ಕಿ ತಂಡದ ನಾಯಕ ಕೈಲಾಶನನ್ನು ಅವರ ಕೋಚ್ ಬೈದರು.

"ಗೊತ್ತಿಲ್ರಿ ಸರ್. ಕಾಲು ತಾವೇ ಹೋದ್ವು!"

ಇದು ಫೌಲೋ ಅಲ್ಲವೋ ಎಂದು ತೀರ್ಮಾನಿಸಲು ಹಬೀಬರು ಹತ್ತಿರ ಹೋದರು. ಮುಟ್ಟಿಲ್ಲ, ತಳ್ಳಿಲ್ಲ. ಇನ್ನೂ ಯೋಚಿಸುತ್ತಿದ್ದಾಗ ಅವರೂ ಮೂಲೆಯಲ್ಲಿದ್ದರು, ಸೀಟಿ ಬಾಯಲ್ಲೇ ಇತ್ತು.

ಇದನ್ನು ಬಲವೆಂದು ಲೆಕ್ಕ ಹಿಡಿಯಬೇಕೇ? ಸಂಜೆ ಕಾಲೇಜಿನಲ್ಲಿ ಮಾಡಿದ ಕೋಚಿಂಗ್ ಕೋರ್ಸಿನಲ್ಲಿ ಇಂಥದ್ದು ಬಂದಿರಲಿಲ್ಲ. ಅಥವಾ ಬಂದಿದ್ದು, ಆ ಸಂಜೆ ನಾನು ಹೋಗಿರಲಿಲ್ಲವೇ?

ಅಷ್ಟರಲ್ಲಿ ಭಾಲ್ಕಿಯ ಕುಳ್ಳ ಆಟಗಾರ ಅಮಿತಕುಮಾರ ಕಾಲು ಉಳುಕಿ ಬಿದ್ದ. ಓಂಪ್ರಕಾಶ ಆಟ ಬಿಟ್ಟು ಓಡಿದ. ಮರಿಯನ್ನು ಎತ್ತುವಂತೆ ಅವನನ್ನು ಎತ್ತಿ ಹೆಗಲಿಗೇರಿಸಿಕೊಂಡು ನಮ್ಮ ರಿಂಗಿನ ಕೆಳಗಿನ ತನ್ನ ಜಾಗಕ್ಕೆ ಬಂದು ನಿಂತ.

"ಇಳಸೋ! ಅವ ಆ ಕಡಿ ಆಟಗಾರ!" ಎಂದು ಕೂಗಿದೆ.

"ಕುಂಟ್ಲತ್ತಾನ್ರಿ ಸರ್. ಹಿಂದ ಬಿಟ್ಟು ಹ್ಯಾಂಗ ಬರಲಿ?"

ಯಾರೋ ಚೆಂಡು ಎಸೆದರು. ಹೆಗಲ ಮೇಲೆ ಕುಳಿತ ಅಮಿತಕುಮಾರನ ಕೈಗೆ ಅದು ಸಿಕ್ಕಿತು. ರಿಂಗು ಅವನ ಮೂಗಿನ ಮುಂದೆಯೇ ಇತ್ತು. ಹುಣಸೆಕಾಯಿ ಬುಟ್ಟಿಗೆ ಹಾಕುವಷ್ಟು ಸಲೀಸಾಗಿ ಹಾಕಿದ. ನಮ್ಮ ವಿರುದ್ಧ, ನಮ್ಮದೇ ಸೆಂಟರಿನ ಮೇಲೆ ಕುಳಿತು.

"ಶಾಬಾಸ್ ಮರಿ!" ಎಂದ ಓಂಪ್ರಕಾಶ, ಮನಃಪೂರ್ವಕವಾಗಿ.

ಪಂದ್ಯ ಯಾರು ಗೆದ್ದರೆಂದು ಹೇಳಲು ಹಬೀಬರು ಕೊನೆಗೂ ಒಪ್ಪಲಿಲ್ಲ. ಸುಶೀಲಕುಮಾರರು ನನ್ನತ್ತ ತಿರುಗಿದರು. ನಾನು ಬಾಯಿ ತೆರೆಯುವ ಮೊದಲೇ ಭೀಮಬಾಯಿ ಎದ್ದು ನಿಂತಳು.

"ನಮ್ಮ ಐಬು ಹೇಳೀನಿ. ಈಗ ನಿಮ್ಮ ಮನಿ ಐಬು ಹೇಳ್ರಿ."

ಸುಶೀಲಕುಮಾರರು ನಕ್ಕರು. "ಜಿಲ್ಲಾ ಸಂಘಕ್ಕ ಐಬು ಎಲ್ಲಿಂದ ಬರ್ತಾವ ಆಯಿ? ಎಲ್ಲ ಬರೋಬರಿ ಅದ."

"ಐಬು ಇಲ್ಲದ ಮನಿಗಿ ನಾ ಕುರಿ ಕೊಟ್ಟಿಲ್ಲ. ಇವನ್ನೂ ಕೊಡಂಗಿಲ್ಲ. ನಡಿಯೋ."

ಕಂಬಳಿ ಮಡಚಿದಳು. ಓಂಪ್ರಕಾಶ ಜೆರ್ಸಿಯ ಉಣ್ಣೆಯನ್ನು ಒಂದೊಂದಾಗಿ ಕಿತ್ತು ನೆಲಕ್ಕೆ ಹಾಕತೊಡಗಿದ. ಅಷ್ಟು ಎತ್ತರದವನು ಅಷ್ಟು ಸಣ್ಣಗಾದದ್ದನ್ನು ನನಗೆ ನೋಡಲಾಗಲಿಲ್ಲ.

"ನಾವು ಬ್ಯಾರೆ ಜಿಲ್ಲಾದಾಗ ಒಂದೂ ಆಟ ಗೆದ್ದಿಲ್ಲ ಆಯಿ," ಎಂದೆ.

ಸುಶೀಲಕುಮಾರರು ನನ್ನ ಕಾಲು ತುಳಿದರು. ಅಜ್ಜಿ ಕಂಬಳಿ ಕೆಳಗಿಟ್ಟಳು.

"ಮತ್ತ?"

"ನಮ್ಮ ಚೆಂಡು ಸವೆದು ಬೋಳಾಗ್ಯಾವ. ಒಂದು ರಿಂಗು ಸೊಟ್ಟ ಅದ. ಗುಡ್ಡು ಇದ್ದಾಗ್ಲೂ ಸೋಲ್ತಿದ್ವಿ."

"ಮತ್ತ?" ಅವಳ ಮುಖ ಅರಳುತ್ತಿತ್ತು.

"ಕಾರ್ಯದರ್ಶಿಗಳು ಆಟದಾಗ ಫೋನಿನ್ಯಾಗ ಇರ್ತಾರ. ನಾ ಕಲಿಸ್ತೇನಿ, ಖರೆ ಅಂದ್ರ ಸೆಂಟರ್ ಆಟ ನಾ ಎಂದೂ ಆಡಿಲ್ಲ. ಇವನ್ನ ಹ್ಯಾಂಗ ಆಡಿಸ್ಬೇಕಂತನೂ ಗೊತ್ತಿಲ್ಲ. ಖರೆ ಇವ ನಮಗ ಬೇಕು."

"ಅಬ್ಬಾ, ಎಷ್ಟು ಐಬು!" ಎಂದು ಭೀಮಬಾಯಿ ಸಂತೋಷದಿಂದ ನನ್ನ ಕೈ ಹಿಡಿದು ಮೊಮ್ಮಗನ ಬೆನ್ನ ಮೇಲಿಟ್ಟಳು. ಅವನು ಮೊಣಕಾಲೂರಿದ ಮೇಲೆ ಎಟುಕಿತು. "ತೊಗೊಂಡು ಹೋಗ್ರಿ. ತಿರುಗಿ ಬರಂಗಿಲ್ಲ."

ಸುಶೀಲಕುಮಾರರು, ಬೇಡವೆಂದರೆ ನಾನು ಇನ್ನಷ್ಟು ಐಬು ಹೇಳಿಬಿಡುತ್ತೇನೆಂದು ಹೆದರಿದರೋ ಏನೋ, ಆಗಲೆಂದು ತಲೆಯಾಡಿಸಿದರು.

ಬೀದರಿಗೆ ಹೊರಡುವ ಕ್ರೂಸರ್ ಜೀಪಿನ ಬಾಗಿಲಲ್ಲಿ ನಿಂತು ಓಂಪ್ರಕಾಶ ಎಲ್ಲರನ್ನೂ ಎಣಿಸಿ ಒಳಗೆ ಬಿಟ್ಟ. ಒಬ್ಬ ಕಡಿಮೆ ಬಿದ್ದ. ಅದು ನಾನು. ಮಾಡಿದ್ದು ಸರಿಯೋ ತಪ್ಪೋ ಎಂದು ರಿಂಗಿನ ಕೆಳಗೆ ನಿಂತು ಯೋಚಿಸುತ್ತಿದ್ದೆ. ಓಂಪ್ರಕಾಶ ಬಂದವನೇ ನನ್ನನ್ನು ಎತ್ತಿ ಹೆಗಲಿಗೇರಿಸಿಕೊಂಡು ನಡೆದ.

ಕಿಟಕಿಯಿಂದ ಸುಶೀಲಕುಮಾರರು ಕೂಗಿದರು.

"ಈಗರೆ ಹೇಳ್ರಿ ದತ್ತಾತ್ರಿ! ಹ್ಯಾಂಗಿದ್ದಾನ ನಿಮ್ಮ ಸೆಂಟರ್?"

ನಾನು ಎರಡೂ ಕೈಯಿಂದ ಅವನ ತಲೆಗೂದಲು ಹಿಡಿದುಕೊಂಡೆ. ಈ ಬಾರಿ ನನಗೆ ಯಾವ ಅನುಮಾನವೂ ಇರಲಿಲ್ಲ.

"ಎಡಕ್ಕ ವಾಲ್ತಾನ್ರಿ!"