ಸೋಮವಾರದ ಕಾಲಂ

ನನ್ನ ಕೆಲಸ ಏನೆಂದು ಅವ್ವನಿಗೆ ತಿಳಿಸಿ ಹೇಳಲು ನನ್ನಿಂದ ಕೊನೆಗೂ ಆಗಲಿಲ್ಲ. ಲಾರಿ ಹೊಡೆಯುತ್ತೀಯಾ ಎಂದು ಕೇಳಿದಳು. ಇಲ್ಲ, ಯಾವ ಲಾರಿ ಯಾವ ದಿನ ಎಲ್ಲಿಗೆ ಹೋಗಬೇಕೆಂದು ಕುಳಿತು ಬರೆಯುತ್ತೇನೆ ಎಂದೆ. ಹೊಡೆಯುವವನಿಗೆ ಅಷ್ಟೂ ಗೊತ್ತಿರುವುದಿಲ್ಲವೇ ಎಂದಳು. ಉತ್ತರ ಹುಡುಕುವಷ್ಟರಲ್ಲಿ ತಾಟಿನಲ್ಲಿದ್ದ ರೊಟ್ಟಿ ಆರಿತು. ಈಗ ಐದು ವರ್ಷದ ಮೇಲೆ ನಮ್ಮ ಕಚೇರಿಗೆ ಹೊಸದಾಗಿ ಸೇರುವ ಪದವೀಧರರು ಬೇರೆಯದೇ ಪ್ರಶ್ನೆ ಕೇಳುತ್ತಾರೆ. ಈ ಕೆಲಸಕ್ಕೆ ಮುಂದೆ ಬೇಡಿಕೆ ಇದೆಯೇ, ಬಡ್ತಿ ಸಿಗುತ್ತದೆಯೇ, ಕಾಯಂ ಮಾಡುತ್ತಾರೆಯೇ. ಎಲ್ಲಕ್ಕೂ ಹೌದು ಎನ್ನುತ್ತೇನೆ, ಅದು ಸುಳ್ಳೂ ಅಲ್ಲ. ನಾನು ಹೇಗೆ ಕಾಯಂ ಆದೆ ಎಂದು ಮಾತ್ರ ಅವರಿಗೆ ಹೇಳಿಲ್ಲ.

೧೯೭೩ರ ಬೇಸಿಗೆ. ಮಳೆ ಕೈಕೊಟ್ಟು ಎರಡು ವರ್ಷವಾಗಿತ್ತು. ಪರದೇಶದ ಕೆಂಪು ಜೋಳ ರೈಲಿನಲ್ಲಿ ಬಂದು ಬಾಗೇವಾಡಿ ರೋಡ್ ಸ್ಟೇಷನ್ನಿನಲ್ಲಿ ಇಳಿಯುತ್ತಿತ್ತು. ಅಲ್ಲಿಂದ ಅದನ್ನು ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲೂಕುಗಳ ಹಳ್ಳಿಗಳಿಗೆ ಮುಟ್ಟಿಸಲು ಬಾಗೇವಾಡಿಯ ಒಂದು ಬಾಡಿಗೆ ಮನೆಯಲ್ಲಿ ತಾತ್ಕಾಲಿಕ ಕಚೇರಿ ತೆರೆದರು. ತಾಲೂಕಿಗೊಬ್ಬರಂತೆ ನಾವು ನಾಲ್ಕು ಜನ ಸಹಾಯಕರು. ಮೋರಟಗಿಯವನಾದ ನನಗೆ ಸಿಂದಗಿ ತಾಲೂಕು ಕೊಟ್ಟರು. ಮುದ್ದೇಬಿಹಾಳ ಮಡಿವಾಳಪ್ಪನ ಪಾಲಿಗೆ ಬಂತು. ಗೋಡೆಗೆ ನಕಾಶೆ, ನಕಾಶೆಯ ತುಂಬ ಗುಂಡುಸೂಜಿ, ಮೇಜಿನ ಮೇಲೆ ಗ್ರಾಫ್ ಹಾಳೆ ಮತ್ತು ಕೆಂಪು ನೀಲಿ ಪೆನ್ಸಿಲ್ಲು. ಇಷ್ಟೇ ನಮ್ಮ ಆಯುಧ. ನಮ್ಮ ಮೇಲಿನ ಅಧಿಕಾರಿ ಬಸಂತರಾಯರು ಬೆಳಗಾವಿಯವರು, ಒಳ್ಳೆಯ ಮನುಷ್ಯ. ಮೊದಲ ದಿನವೇ ನಮ್ಮನ್ನು ಕೂಡಿಸಿ, ಇನ್ನು ಹತ್ತು ವರ್ಷದಲ್ಲಿ ನಿಮ್ಮಂಥವರಿಲ್ಲದ ಕಚೇರಿಯೇ ಇರುವುದಿಲ್ಲ, ಸಾಮಾನು ಸಾಗಿಸುವುದಕ್ಕಿಂತ ಸಾಗಿಸುವ ಲೆಕ್ಕ ಬಲ್ಲವನಿಗೇ ಬೆಲೆ ಬರುವ ಕಾಲ ಇದು ಎಂದರು. ಆಮೇಲೆ ದನಿ ತಗ್ಗಿಸಿ, ಜೂನ್ ಮುಗಿದ ಮೇಲೆ ಈ ನಾಲ್ವರಲ್ಲಿ ಒಬ್ಬನನ್ನು ಮಾತ್ರ ಕಾಯಂ ಮಾಡುತ್ತಾರೆಂದೂ ತಿಳಿಸಿದರು.

ಯಾರ ಲಾರಿಗಳು ಕಡಿಮೆ ದಿನ ಖಾಲಿ ನಿಲ್ಲುತ್ತವೋ ಅವನೇ ಆ ಒಬ್ಬ. ಪ್ರತಿ ಸೋಮವಾರ ಸಂಜೆ ಖಾಲಿ ದಿನಗಳ ಪಟ್ಟಿ ಮೇಲಕ್ಕೆ ಹೋಗುತ್ತಿತ್ತು.

ನನಗೆ ಆ ಕೆಲಸ ಹಿಡಿಸಿತು. ಹಿಡಿಸಿತು ಅನ್ನುವುದೇನು, ಹುಚ್ಚು ಹಿಡಿಯಿತು. ಯಾವ ದಾರಿಯಲ್ಲಿ ಎಷ್ಟು ಹೊತ್ತು, ಎಲ್ಲಿ ಚಹಾಕ್ಕೆ ನಿಲ್ಲುತ್ತಾರೆ, ಯಾವ ಊರಿನಲ್ಲಿ ಇಳಿಸುವ ಹಮಾಲರು ಚುರುಕು ಎಂದೆಲ್ಲ ಬರೆದಿಟ್ಟುಕೊಂಡೆ. ಹನ್ನೊಂದು ಲಾರಿಯ ಕೆಲಸವನ್ನು ಎಂಟರಲ್ಲಿ ಮುಗಿಸಿದೆ. ಉಳಿದ ಮೂರು ಲಾರಿಯವರು ಏನಾದರೆಂದು ಕೇಳಲಿಲ್ಲ. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಮೇ ತಿಂಗಳ ಕೊನೆಗೆ ಇಂಡಿಯವನೂ ಬಾಗೇವಾಡಿಯವನೂ ಹಿಂದೆ ಬಿದ್ದರು. ಮಡಿವಾಳಪ್ಪ ಮಾತ್ರ ನನ್ನ ಸಮಕ್ಕೇ ಇದ್ದ. ಒಂದು ವಾರ ಅವನದು ಒಂದು ದಿನ ಕಡಿಮೆ, ಇನ್ನೊಂದು ವಾರ ನನ್ನದು.

ನಾಲ್ವರ ಹಾಳೆಯಲ್ಲೂ ಒಂದು ಕಾಲಂ ಮಾತ್ರ ಖಾಲಿಯಾಗಿಯೇ ಇತ್ತು. ಅದು ಸೋಮವಾರದ್ದು. ಲಾರಿ ಡಾಂಬರು ರಸ್ತೆಯ ಕೊನೆಯವರೆಗೆ ಹೋಗುತ್ತದೆ. ಅಲ್ಲಿಂದ ಒಳಗಿನ ಊರಿಗೆ ಜೋಳ ಒಯ್ಯಬೇಕಾದದ್ದು ಎತ್ತಿನ ಗಾಡಿ. ಸೋಮವಾರ ಬಸವಣ್ಣನ ವಾರ. ಅಂದು ನಮ್ಮ ಕಡೆ ಯಾರೂ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಿತ್ತುವ ಹದ ಕೈತಪ್ಪಿ ಹೋಗುತ್ತಿದ್ದರೂ ಇಡುವುದಿಲ್ಲ. ಎತ್ತಿನ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ನೆರಳಿಗೆ ಕಟ್ಟುತ್ತಾರೆ. ಇದು ನಾಲ್ವರಿಗೂ ಹುಟ್ಟಿದಾಗಿನಿಂದ ಗೊತ್ತು. ಗೊತ್ತಿದ್ದರಿಂದಲೇ ಯಾರೂ ಅದನ್ನು ಎಲ್ಲಿಯೂ ಬರೆದು ತಿಳಿಸಿರಲಿಲ್ಲ. ಪಟ್ಟಿಯಲ್ಲಿ ಮಾತ್ರ ಪ್ರತಿ ಸೋಮವಾರವೂ ಖಾಲಿ ದಿನವೆಂದೇ ಸೇರುತ್ತಿತ್ತು. ನಾನೊಮ್ಮೆ ಇದನ್ನು ಬಸಂತರಾಯರ ಮುಂದೆ ತೆಗೆದೆ. ಅವರು ಕನ್ನಡಕ ಒರೆಸುತ್ತ ಹೇಳಿದರು:

"ಮ್ಯಾಲಿನವರು ವಾರಕ್ಕ ಏಳು ದಿನ ಎಣಸ್ತಾರ ನೋಡ್ರಿ. ಅಲ್ಲಿಂದ ಅವರಿಗೆ ಎತ್ತು ಕಾಣೂದಿಲ್ಲ."

ಅಷ್ಟೇ. ಸೋಮವಾರ ತುಂಬು ಎಂದು ಅವರು ಹೇಳಲಿಲ್ಲ. ಯಾರೂ ಹೇಳಲಿಲ್ಲ. ಇದನ್ನು ಸ್ಪಷ್ಟವಾಗಿ ಬರೆದುಬಿಡುತ್ತೇನೆ, ಇಲ್ಲವಾದರೆ ಇನ್ನೊಬ್ಬರ ಕೊರಳಿಗೆ ಕಟ್ಟುವ ಆಸೆ ನನಗೇ ಬಂದೀತು.

ಜೂನ್ ಎರಡನೆಯ ವಾರ ಮಡಿವಾಳಪ್ಪ ನನಗಿಂತ ಎರಡು ದಿನ ಮುಂದೆ ಹೋದ. ಆಗ ನಾನು ಸೋಮವಾರದ ಕಾಲಮ್ಮಿನಲ್ಲಿ ದೇವಣಗಾಂವ ಎಂದು ಬರೆದೆ. ಹೊಟ್ಟೆ ಹಸಿದವರಿಗೆ ವಾರ ಎಂಥದು, ಜೋಳ ಕಣ್ಣಿಗೆ ಬಿದ್ದರೆ ಎತ್ತು ಹೂಡಿಯೇ ಹೂಡುತ್ತಾರೆ ಎಂಬುದು ನನ್ನ ತರ್ಕ. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಎನ್ನುತ್ತಾರೆ. ನನ್ನಲ್ಲಿ ಆ ಒಕ್ಕಾಲು ಮಾತ್ರ ಇತ್ತು.

ದೇವಣಗಾಂವವನ್ನೇ ಆರಿಸಿದ್ದಕ್ಕೂ ಕಾರಣವಿತ್ತು. ಅಲ್ಲಿಂದ ಮೂರು ಮೈಲು ಒಳಗೆ, ಹಳ್ಳ ದಾಟಿದರೆ ಕೆಲವೇ ಮನೆಗಳ ಒಂದು ವಸ್ತಿ. ನನ್ನ ಅಕ್ಕ ಸಾವಂತ್ರವ್ವನನ್ನು ಕೊಟ್ಟದ್ದು ಅಲ್ಲಿಗೆ. ಅಪ್ಪ ಸತ್ತ ಮೇಲೆ ಕಂಡವರ ಹೊಲದಲ್ಲಿ ಕಸ ತೆಗೆದು ನನ್ನನ್ನು ಸಾಲೆಗೆ ಕಳಿಸಿದವಳು ಅವಳು. ಆಕೆಯ ಗಂಡ, ನಾನು ಮಾವ ಎಂದು ಕರೆಯುತ್ತಿದ್ದ ರೇವಣಪ್ಪ, ಬಿಜಾಪುರದಲ್ಲಿ ನನ್ನ ಕೊನೆಯ ವರ್ಷದ ಓದಿಗೆಂದು ಎರಡು ಕುರಿ ಮಾರಿದವನು. ಸಹಿ ಮಾಡಲು ಬಾರದ, ನಗದೆ ಮಾತಾಡಲು ಬಾರದ ಮನುಷ್ಯ. ನನ್ನನ್ನು ನಕಾಶೆ ಸಾಹೇಬ ಎಂದು ಕರೆದು ಕಾಡುತ್ತಿದ್ದ. ಆ ಬರದಲ್ಲಿ ಊರಿನ ಅರ್ಧ ದನ ಹೋಗಿದ್ದರೂ ತನ್ನ ಚಪ್ಪರಕ್ಕೆ ಹೊದಿಸಿದ್ದ ಜೋಳದ ಕಣಿಕೆ ಕಿತ್ತು ಮೇವಿಗೆ ಹಾಕಿ ಎರಡು ಎತ್ತು ಉಳಿಸಿಕೊಂಡಿದ್ದ. ವಸ್ತಿಯಲ್ಲಿ ಅವನ ಮಾತು ನಡೆಯುತ್ತಿತ್ತು. ನನ್ನ ಸಲುವಾಗಿ ಒಂದು ಸೋಮವಾರ ಎತ್ತು ಹೂಡದೆ ಇರುತ್ತಾನೆಯೇ ಎಂದುಕೊಂಡೆ.

ಆ ದಾರಿಯ ಡ್ರೈವರ್ ಗೈಬುಸಾಬ ವಯಸ್ಸಾದವನು, ಮಾತು ಕಡಿಮೆ. ಹಾಳೆ ನೋಡಿ ಸೋಮವಾರವೇ ಎಂದು ಎರಡು ಸಲ ಕೇಳಿದ. ಹೌದು ಎಂದೆ. ಲಾರಿ ಹೊರಡುವ ಮೊದಲು ಬಾಗಿಲ ಬಳಿ ನಿಂತು ಅವನಿಗೊಂದು ಮಾತು ಹೇಳಿ ಕಳಿಸಿದೆ.

"ನಮ್ಮ ಮಾವಗ ಹೇಳ್ರಿ. ಹೆಂಗರ ಮಾಡಿ ಇವತ್ತ ಜ್ವಾಳ ವಸ್ತಿಗೆ ಮುಟ್ಟಬೇಕು. ನನ್ನ ನೌಕರಿ ಇದರ ಮ್ಯಾಲ ಐತಿ ಅನ್ರಿ."

ಅಂದು ಸಂಜೆ ಐದಕ್ಕೆ ಸಿಂದಗಿಯಿಂದ ಟ್ರಂಕ್ ಕಾಲ್ ಬಂತು. ಹನ್ನೆರಡು ಚೀಲ ಇಳಿಸಿದ್ದಾರೆ, ವಸ್ತಿಗೆ ಮುಟ್ಟಿವೆ ಎಂದು ಗೋದಾಮಿನವರು ಹೇಳಿದರು. ಲೈನು ಕರಕರ ಎನ್ನುತ್ತಿತ್ತು, ಇನ್ನೇನೋ ಹೇಳುವಷ್ಟರಲ್ಲಿ ಕಡಿದುಹೋಯಿತು. ನಾನು ಸೋಮವಾರದ ಕಾಲಮ್ಮಿನಲ್ಲಿ ಕೆಂಪು ಪೆನ್ಸಿಲ್ಲಿನಿಂದ ಗುರುತು ಹಾಕಿದೆ. ಆ ವಾರ ನನ್ನ ಹೆಸರಿನ ಮುಂದೆ ಖಾಲಿ ದಿನ ಸೊನ್ನೆ. ನಾಲ್ಕೂ ತಾಲೂಕಿನಲ್ಲಿ ಮೊದಲ ಸೊನ್ನೆ ಅದು. ಪಟ್ಟಿ ಆರು ಗಂಟೆಯ ಟಪಾಲಿನಲ್ಲಿ ಹೋಯಿತು. ಸಂತೋಷ ತಡೆಯಲಾರದೆ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಒಬ್ಬನೇ ಎರಡು ಪ್ಲೇಟು ಭಜಿ ತಿಂದೆ. ಆ ರುಚಿ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಕೆಯಾಗುತ್ತದೆ.

ಮಂಗಳವಾರ ಬೆಳಿಗ್ಗೆ ಗೈಬುಸಾಬ ಕಚೇರಿಯ ಬಾಗಿಲಲ್ಲಿ ನಿಂತಿದ್ದ. ಒಳಗೆ ಬರಲಿಲ್ಲ. ನಾನೇ ಹೊರಗೆ ಹೋದೆ. ಕಟ್ಟೆಯ ಮೇಲೆ ಕುಳಿತು ಅವನು ನಡೆದದ್ದನ್ನು ಹೇಳಿದ.

ಲಾರಿ ಬಂದಾಗ ವಸ್ತಿಯವರು ದೇವಣಗಾಂವಕ್ಕೆ ಬಂದಿದ್ದರಂತೆ, ಗಾಡಿ ಮಾತ್ರ ಬಂದಿರಲಿಲ್ಲ. ಸೋಮವಾರ ಹೂಡುವುದಿಲ್ಲ, ಜೋಳ ವಾಪಸು ಹೋಗಲಿ, ಇನ್ನೆರಡು ದಿನ ಹೇಗೋ ತಡೆಯುತ್ತೇವೆ ಎಂದು ಹಿರಿಯರು ಹೇಳಿದರು. ಇಳಿಸಿಕೊಳ್ಳುವವರಿಲ್ಲದ ಲಾರಿ ವಾಪಸು ಹೋಗಬೇಕೆಂಬುದು ನಮ್ಮದೇ ನಿಯಮ. ಆಗ ಗೈಬುಸಾಬ ನನ್ನ ಮಾತನ್ನು ಮಾವನಿಗೆ ಮುಟ್ಟಿಸಿದ. ಮಾವ ನಕ್ಕನಂತೆ.

"ಎತ್ತಿನ ಸೋಮಾರ ಎತ್ತಿಗಿರಲಿ. ನಮ್ಮ ಹುಡುಗನ ಕೆಲಸ ನಾವು ಮಾಡೂಣು," ಎಂದ.

ವಸ್ತಿಗೆ ಹೋಗಿ, ಎತ್ತುಗಳನ್ನು ಕಟ್ಟಿದಲ್ಲೇ ಬಿಟ್ಟು, ಐದು ಜನರನ್ನು ಕರೆದುಕೊಂಡು ಗಾಡಿಯನ್ನು ಕೈಯಿಂದಲೇ ಎಳೆದು ತಂದ. ಆರು ಜನ ನೊಗಕ್ಕೆ ಹೆಗಲು ಕೊಟ್ಟರು. ಮೊದಲ ಸಲ ಆರು ಚೀಲ ಸುರಳೀತ ಮುಟ್ಟಿದವು. ಎರಡನೆಯ ಸಲಕ್ಕೆ ಎಲ್ಲರೂ ಸೋತಿದ್ದರು. ಮುಂಜಾನೆಯಿಂದ ಹೊಟ್ಟೆಯಲ್ಲಿ ನೀರು ಬಿಟ್ಟರೆ ಏನೂ ಇರಲಿಲ್ಲ. ಹಳ್ಳಕ್ಕೆ ಇಳಿಯುವಲ್ಲಿ ದಾರಿ ಇಳಿಜಾರು. ಅಂಥಲ್ಲಿ ಎತ್ತುಗಳು ಕಾಲು ಊರಿ, ಕುತ್ತಿಗೆ ಹಿಂದಕ್ಕೆ ಒತ್ತಿ ಗಾಡಿಯನ್ನು ತಡೆಯುತ್ತವೆ. ಮನುಷ್ಯರಿಗೆ ಆ ಕುತ್ತಿಗೆ ಇಲ್ಲ. ಗಾಡಿ ತನ್ನ ಭಾರಕ್ಕೆ ತಾನೇ ಓಡಿತು. ಐವರು ನೊಗ ಬಿಟ್ಟು ಬದಿಗೆ ಜಿಗಿದರು. ನಟ್ಟನಡುವೆ ಇದ್ದ ಮಾವನಿಗೆ ಜಿಗಿಯಲು ದಾರಿಯಿರಲಿಲ್ಲ. ಹಳ್ಳದ ತಳದಲ್ಲಿ ಒಂದು ಬಂಡೆ ಇತ್ತು. ನೊಗ ಅವನ ಎದೆಯನ್ನು ಅದಕ್ಕೆ ಒತ್ತಿ ನಿಂತಿತು.

ಉಳಿದವರು ಅವನನ್ನು ಕಂಬಳಿಯಲ್ಲಿ ಹೊತ್ತು ದೇವಣಗಾಂವಕ್ಕೆ ತಂದರು. ಗೈಬುಸಾಬ ಅದೇ ಲಾರಿಯಲ್ಲಿ ಮಲಗಿಸಿಕೊಂಡು ಸಿಂದಗಿಗೆ ಹೊಡೆದ. ಊರು ಮುಟ್ಟುವ ಮೊದಲೇ ಜೀವ ಹೋಗಿತ್ತು. ಅತ್ತ ಅವನನ್ನು ಹೊತ್ತು ತರುತ್ತಿದ್ದಾಗಲೇ, ಉಳಿದ ಆರು ಚೀಲಗಳ ಜೋಳವನ್ನು ವಸ್ತಿಯ ಹೆಣ್ಣುಮಕ್ಕಳು ಹಳ್ಳದಿಂದ ಡಬ್ಬಿ, ಬುಟ್ಟಿಗಳಲ್ಲಿ ತುಂಬಿ ತುಂಬಿ ಹೊತ್ತರು. ಹಾಗೆ ಹನ್ನೆರಡೂ ಮುಟ್ಟಿದವು.

ಮಣ್ಣಿಗೆ ಹೋದೆ. ಅಕ್ಕ ನನ್ನನ್ನು ಕಂಡು ಅತ್ತಳು. ಮಾವನ ಎತ್ತುಗಳು ಹಣೆಯಲ್ಲಿ ನಿನ್ನೆಯ ವಿಭೂತಿ ಇಟ್ಟುಕೊಂಡು ನೆರಳಲ್ಲಿ ನಿಂತಿದ್ದವು. ಎಲ್ಲ ನನ್ನಿಂದ ಆದದ್ದು ಎಂದು ಅಲ್ಲಿಯೇ ಹೇಳಬೇಕೆಂದುಕೊಂಡೆ. ಜನ ಬಹಳ ಇದ್ದರು ಎಂಬ ನೆಪ ಸಿಕ್ಕಿತು. ಮರುದಿನ ಬಾಗೇವಾಡಿಗೆ ಬಂದು ಬಸಂತರಾಯರ ಮುಂದೆ ನಿಂತೆ. ಅವರಿಗೆ ನಿಜವಾಗಿಯೂ ದುಃಖವಾಯಿತು, ಕುರ್ಚಿ ಎಳೆದು ಕೂಡಿಸಿ ನೀರು ಕೊಟ್ಟರು. ಆ ಸೊನ್ನೆಯನ್ನು ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು. ತೆಗೆದುಕೊಂಡರೆ ಮಡಿವಾಳಪ್ಪ ಮುಂದೆ ಹೋಗುತ್ತಾನೆ, ಅದು ಇಬ್ಬರಿಗೂ ಗೊತ್ತಿತ್ತು. ನಾನು ನೀರು ಕುಡಿದು ಲೋಟ ಕೆಳಗಿಟ್ಟೆ. ಅವರು ಮತ್ತೆ ಕೇಳಲಿಲ್ಲ.

ಜುಲೈ ಮೊದಲ ವಾರ ಆದೇಶ ಬಂತು. ಮೂರು ಪ್ಯಾರಾ ಇತ್ತು. ಮೊದಲನೆಯದರಲ್ಲಿ ನನ್ನನ್ನು ಕಾಯಂ ಮಾಡಿದ್ದರು. ಎರಡನೆಯದರಲ್ಲಿ, ಸೋಮವಾರವೂ ಧಾನ್ಯ ಮುಟ್ಟಿಸಬಹುದೆಂದು ಸಿಂದಗಿ ತಾಲೂಕು ತೋರಿಸಿಕೊಟ್ಟಿರುವುದರಿಂದ ಇನ್ನು ಮುಂದೆ ನಾಲ್ಕೂ ತಾಲೂಕಿನಲ್ಲಿ ಸೋಮವಾರದ ಕಾಲಂ ತುಂಬತಕ್ಕದ್ದು ಎಂದಿತ್ತು. ಮೂರನೆಯದರಲ್ಲಿ ನಾಲ್ಕೂ ತಾಲೂಕಿನ ಹಾಳೆ ಬರೆಯುವ ಹೊಣೆ ನನಗೇ. ಉಳಿದ ಮೂವರು ಅಂದೇ ಮನೆಗೆ ಹೊರಟರು. ಮಡಿವಾಳಪ್ಪ ಟ್ರಂಕಿಗೆ ಹಗ್ಗ ಕಟ್ಟುತ್ತ, ತಲೆಯೆತ್ತದೆ ಒಂದು ಮಾತು ಹೇಳಿದ.

"ಸೋಮಾರದ ಕಾಲಂ ತುಂಬಾಕ ನಮಗೂ ಬರ್ತಿತ್ತು, ಪರಮಾನಂದ."

ಶನಿವಾರ ಕುಳಿತು ನಾಲ್ಕು ತಾಲೂಕಿನ ಹಾಳೆ ಬರೆದೆ. ಇಂಡಿಯ ಸೋಮವಾರ, ಮುದ್ದೇಬಿಹಾಳದ ಸೋಮವಾರ, ಬಾಗೇವಾಡಿಯ ಸೋಮವಾರ. ಸಿಂದಗಿಯದಕ್ಕೆ ಬಂದಾಗ ಕೈ ನಿಂತಿತು. ಆದೇಶ ಎದುರಿಗೇ ಇತ್ತು. ಬರೆದೆ.

ಭಾನುವಾರ ಅಕ್ಕನ ಮನೆಗೆ ಹೋದೆ. ಇವತ್ತು ಎಲ್ಲ ಹೇಳಿಬಿಡುತ್ತೇನೆ, ಬೈಯಲಿ, ಹೊಡೆಯಲಿ, ಮನೆಯಿಂದ ಹೊರಗೆ ಹಾಕಲಿ ಎಂದು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೆ. ಆಕೆ ಒಲೆಯ ಮುಂದೆ ಕುಳಿತು ಕೆಂಪು ಜೋಳದ ರೊಟ್ಟಿ ಬಡಿಯುತ್ತಿದ್ದಳು. ಬಳೆ ಇಲ್ಲದ ಕೈ. ನಾನು ಬಾಯಿ ತೆರೆಯುವ ಮೊದಲೇ ಕೇಳಿದಳು:

"ನೌಕರಿ ಕಾಯಂ ಆತೇನು, ತಮ್ಮಾ?"

ಆತು ಎಂದೆ. ಆಕೆ ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು.

"ಹಂಗಾರ ಅವ್ರು ಎಳದದ್ದು ದಂಡ ಆಗ್ಲಿಲ್ಲ ಬಿಡು."

ಸಿಟ್ಟಿನಿಂದ ಅಂದಿದ್ದರೆ ನನಗೆ ಉಸಿರಾಡಲು ಒಂದಿಷ್ಟು ಜಾಗ ಸಿಗುತ್ತಿತ್ತು. ಆಕೆ ನಿಜವಾಗಿಯೂ ಸಮಾಧಾನಪಟ್ಟು ಹೇಳಿದಳು. ನಾನು ಹೇಳಬೇಕೆಂದು ತಂದದ್ದು ಆಕೆಗೆ ಹೊಸದೂ ಆಗಿರಲಿಲ್ಲ. ಗೈಬುಸಾಬ ನನ್ನ ಮಾತು ಹೇಳುವಾಗ ಅವಳೂ ಅಲ್ಲಿಯೇ ನಿಂತಿದ್ದಳಂತೆ. ಬೇಡ ಎನ್ನಲು ಅವಳಿಗೂ ಮನಸ್ಸಾಗಲಿಲ್ಲವಂತೆ. ಮೊದಲಿನಿಂದ ಎಲ್ಲವೂ ಗೊತ್ತಿದ್ದೇ ರೊಟ್ಟಿ ನನ್ನ ತಾಟಿಗೆ ಹಾಕಿದಳು. ಉಳ್ಳಾಗಡ್ಡಿ ಜಜ್ಜಿ ಪಕ್ಕಕ್ಕಿಟ್ಟಳು.

"ಒಂದ ಕೇಳ್ತೇನಿ," ಎಂದಳು. "ಇನ್ನ ಸೋಮಾರ ಮಾತ್ರ ಲಾರಿ ಕಳಸಬ್ಯಾಡ. ನಿನ್ನ ಹೆಸರು ಹೇಳಿದ್ರ ನೊಗಕ್ಕ ನಿಂದ್ರವ್ರು ಊರಾಗ ಇನ್ನೂ ಐದು ಮಂದಿ ಅದಾರ."

ಇಲ್ಲ ಅಕ್ಕಾ, ಕಳಸೂದಿಲ್ಲ ಎಂದೆ. ರೊಟ್ಟಿ ಮುರಿದು ಬಾಯಿಗಿಟ್ಟುಕೊಂಡೆ. ಬಾಗೇವಾಡಿ ರೋಡ್ ಸ್ಟೇಷನ್ನಿನಲ್ಲಿ ಆ ಹೊತ್ತಿಗೆ ಮರುದಿನದ ಲಾರಿಗಳೆಲ್ಲ ತುಂಬಿ ನಿಂತಿದ್ದವು.