ಹೊಸ್ತಿಲ ವಾಸನೆ

ನಮ್ಮ ಮನೆಯಲ್ಲಿ ಮಸಾಲೆ ಪುಡಿ ಮಾಡುವುದು ವರ್ಷಕ್ಕೆ ಎರಡೇ ಸಲ. ಆ ಎರಡು ದಿನವೂ ನನ್ನ ಜಾಗ ಅಡುಗೆಮನೆಯ ಹೊಸ್ತಿಲು. ಮೊರ, ಜರಡಿ, ಕೊತ್ತಂಬರಿ ಬೀಜದ ಚೀಲ ಎಲ್ಲ ನನ್ನ ಮುಂದೆ. ಕಲ್ಲು ಆರಿಸುವುದು, ಕಡ್ಡಿ ತೆಗೆಯುವುದು, ಒಣಮೆಣಸಿನಕಾಯಿಯ ತೊಟ್ಟು ಮುರಿಯುವುದು, ಕೊನೆಗೆ ಜರಡಿ ಹಿಡಿಯುವುದು ನನ್ನ ಪಾಲು. ಒಲೆ ಅತ್ತೆಯ ಪಾಲು. ಮದುವೆಯಾಗಿ ಬಂದ ವರ್ಷ ಸಹಾಯ ಮಾಡೋಣವೆಂದು ಬಾಣಲೆಗೆ ಕೈ ಹಾಕಿದ್ದೆ. "ನೀನು ಅಲ್ಲೇ ಕೂತ್ಕೊ, ಹುರಿಯೋದು ನಿನಗೆ ತಿಳಿಯಲ್ಲ" ಎಂದರು. ಅಂದು ಕೂತವಳು ಹನ್ನೊಂದು ವರ್ಷವಾದರೂ ಎದ್ದಿರಲಿಲ್ಲ.

ನಾನು ಬಟ್ಟೆ ಹೊಲಿಯುವವಳು. ಅಳತೆ ಬರೆದುಕೊಳ್ಳದೆ ಕತ್ತರಿ ಹಿಡಿಯುವುದಿಲ್ಲ. "ಜೀರಿಗೆ ಎಷ್ಟು ಅತ್ತೆ?" ಎಂದು ಕೇಳಿದರೆ "ಕಣ್ಣಳತೆ" ಎನ್ನುವರು. "ಎಷ್ಟು ಹೊತ್ತು ಹುರೀಬೇಕು?" ಎಂದರೆ "ವಾಸನೆ ಬರೋ ತನಕ." ಎಂಥ ವಾಸನೆ ಎಂದು ಕೇಳಿದರೆ ಬಾಯಿಗೆ ಬೀಗ. ಗಂಡನಿಗೆ ಹೇಳಿಕೊಂಡರೆ ಅವರು "ಹೂಂ" ಎನ್ನುವರು. ಅವರು ಗ್ಯಾರೇಜಿನಲ್ಲಿ ದಿನವಿಡೀ ಇಂಜಿನ್ನಿನ ಜೊತೆ ಮಾತಾಡಿ ಬರುತ್ತಾರೆ, ಮನೆಗೆ ಉಳಿಯುವುದು ಅದೊಂದೇ ಅಕ್ಷರ.

ಪುಡಿ ಆದ ಮೇಲೆ ಮೂರು ಡಬ್ಬಿ ತುಂಬುತ್ತಿತ್ತು. ಪ್ರತಿ ಡಬ್ಬಿಗೂ ಅತ್ತೆ ತಮ್ಮ ಕೈಯಾರೆ ಚೀಟಿ ಬರೆದು ಅಂಟಿಸುವರು: ಒಂದಕ್ಕೆ ‘ಮಗಳಿಗೆ’, ಒಂದಕ್ಕೆ ‘ಚಿಕ್ಕವನಿಗೆ’ ಅಂದರೆ ನನ್ನ ಮೈದುನನಿಗೆ, ಒಂದಕ್ಕೆ ‘ಮನೆಗೆ’. ನನ್ನ ತಾಯಿಯ ಮನೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಅಮ್ಮ ಒಮ್ಮೆ ಇಲ್ಲಿ ಊಟ ಮಾಡಿ, "ನಿಮ್ಮತ್ತೆ ಪುಡಿ ಎಷ್ಟು ಚೆನ್ನಾಗಿದೆ, ಒಂಚೂರು ಕೊಡ್ತಾರಾ ಕೇಳು" ಎಂದಿದ್ದಳು. ನಾನು ಕೇಳಲಿಲ್ಲ. ಕೊಡುವವರಿಗೇ ಹೊಳೆಯಬೇಕು ಎಂದು ಪಟ್ಟು ಹಿಡಿದು ಕೂತೆ. ನನ್ನ ಪಟ್ಟು ಅವರಿಗೆ ಗೊತ್ತಾಗಬೇಕಲ್ಲ!

ಈ ವರ್ಷ ಅತ್ತೆಗೆ ಒಂದು ಕೆಟ್ಟ ಜ್ವರ ಬಂದು ಹೋಯಿತು. ಹತ್ತು ದಿನ ಮಲಗಿದ್ದರು, ಎದ್ದರು, ಎಂದಿನಂತೆ ಒಲೆ ಮುಂದೆ ನಿಂತರು. ಎಲ್ಲ ಸರಿಹೋಯಿತು ಎಂದುಕೊಂಡೆವು. ಒಂದು ಬೆಳಿಗ್ಗೆ ಗಿರಾಕಿಯೊಬ್ಬರಿಗೆ ಅಂಗಿ ಕೊಟ್ಟು ಮನೆಯೊಳಗೆ ಕಾಲಿಡುತ್ತೇನೆ, ಗ್ಯಾಸಿನ ವಾಸನೆ ಮುಖಕ್ಕೆ ಹೊಡೆಯಿತು. ಓಡಿದೆ. ಹಾಲು ಉಕ್ಕಿ ಒಲೆ ಆರಿಹೋಗಿತ್ತು, ಗ್ಯಾಸು ಬುಸ್ಸೆನ್ನುತ್ತಿತ್ತು. ಎರಡು ಮಾರು ದೂರದಲ್ಲಿ ಅತ್ತೆ ಒಲೆಗೆ ಬೆನ್ನು ಹಾಕಿ ಕೂತು ನೆಮ್ಮದಿಯಾಗಿ ಬಟಾಣಿ ಸುಲಿಯುತ್ತಿದ್ದರು.

ಗ್ಯಾಸು ಬಂದ್ ಮಾಡಿದೆ, ಕಿಟಕಿಗಳನ್ನೆಲ್ಲ ತೆರೆದೆ. ಬೈಯಬೇಕೆಂದು ತಿರುಗಿದರೆ ಅವರ ಮುಖ ಬಿಳಿಚಿಕೊಂಡಿತ್ತು.

"ವಾಸನೆ ಬರಲಿಲ್ವಾ ಅತ್ತೆ?"

"ಜ್ವರ ಬಂದಾಗಿಂದ ಏನೂ ಬರ್ತಿಲ್ಲ. ಹೂವೂ ಇಲ್ಲ, ಬೆಳ್ಳುಳ್ಳಿನೂ ಇಲ್ಲ" ಎಂದರು. ಸುಲಿದ ಬಟಾಣಿಯನ್ನು ಸಿಪ್ಪೆಯ ತಟ್ಟೆಗೆ ಹಾಕುತ್ತಿದ್ದರು, ಅದೂ ಅವರಿಗೆ ಗೊತ್ತಿರಲಿಲ್ಲ. "ಅವಳಿಗೆ ಮಾತ್ರ ಹೇಳಬೇಡ."

ಅವಳೆಂದರೆ ನನ್ನ ನಾದಿನಿ. ಆಸ್ಪತ್ರೆಯಲ್ಲಿ ನರ್ಸು. ಅತ್ತೆಗೆ ಮಂಡಿ ನೋವು ಬಂದಾಗಲೇ, "ಅಮ್ಮ ಇನ್ನು ಅಡುಗೆಮನೆ ಸಹವಾಸ ಬಿಡ್ಲಿ, ನನ್ನ ಮನೆಗೆ ಬರ್ಲಿ" ಎಂದು ಒಂಟಿ ಕಾಲಿನಲ್ಲಿ ನಿಂತಿದ್ದವಳು. ಅವಳ ಮನೆಯಲ್ಲಿ ಅಡುಗೆಗೆ ಜನ ಇದ್ದಾರೆ. ಅಲ್ಲಿಗೆ ಹೋದರೆ ಅತ್ತೆ ಟಿವಿ ಮುಂದೆ ಕೂತು, ಯಾರೋ ಮಾಡಿದ್ದನ್ನು ಉಂಡು, ‘ಚೆನ್ನಾಗಿದೆ’ ಎನ್ನುತ್ತಾ ದಿನ ಕಳೆಯಬೇಕು. ಗ್ಯಾಸಿನ ವಿಷಯ ಕಿವಿಗೆ ಬಿದ್ದರೆ ಅವಳು ಸಂಜೆಯೊಳಗೆ ಪೆಟ್ಟಿಗೆ ಕಟ್ಟಿಸುತ್ತಿದ್ದಳು.

ಸುಳ್ಳೇಕೆ ಹೇಳಲಿ, ನನಗೆ ಆಸೆಯಾಯಿತು. ಒಂದು ಫೋನು ಮಾಡಿದರೆ ಸಾಕು, ಒಲೆ ನನ್ನದು. ಅದೂ ಕೆಟ್ಟ ಹೆಸರಿಲ್ಲದೆ, ಅತ್ತೆಯ ಒಳ್ಳೆಯದಕ್ಕೇ ಮಾಡಿದಂತೆ. ಅಂದು ಮಧ್ಯಾಹ್ನವೆಲ್ಲ ಮಿಷನ್ನು ತುಳಿಯುತ್ತಾ ಅದನ್ನೇ ಯೋಚಿಸಿದೆ. ಒಂದು ತೋಳನ್ನು ತಲೆಕೆಳಗಾಗಿ ಹೊಲಿದು ಬಿಚ್ಚಿದೆ. ಆಮೇಲೆ ಹೋಗಿ ಹೇಳಿದೆ:

"ನಾನಾಗಲಿ ನಿಮ್ಮ ಮಗ ಆಗಲಿ ಪಕ್ಕದಲ್ಲಿಲ್ಲದೆ ಒಲೆ ಹಚ್ಚಕೂಡದು. ಅವರಿಗೂ ವಿಷಯ ಗೊತ್ತಿರಬೇಕು. ಇದಕ್ಕೆ ಒಪ್ಪಿದ್ರೆ ನಾನು ನಿಮ್ಮ ಮಗಳ ಹತ್ರ ತುಟಿ ಪಿಟಕ್ ಅನ್ನಲ್ಲ."

"ಆಯ್ತು" ಎಂದರು, ತಕ್ಷಣ. ಜಗಳ ಮಾಡುತ್ತಾರೆ ಎಂದುಕೊಂಡು ಸೊಂಟ ಕಟ್ಟಿ ಬಂದಿದ್ದೆ. ಅವರು ಹಾಗೆ ಒಪ್ಪಿಕೊಂಡದ್ದು ನೋಡಿ ನನಗೇ ಸಂಕಟವಾಯಿತು. ಗಂಡ ವಿಷಯ ಕೇಳಿ "ಹೂಂ" ಎಂದು, ಮರುದಿನ ಕೆಲಸಕ್ಕೆ ರಜೆ ಹಾಕಿ ತಾಯಿಯನ್ನು ಡಾಕ್ಟರ ಬಳಿ ಕರೆದುಕೊಂಡು ಹೋಗಿ ಬಂದರು. ವಾಸನೆ ಮತ್ತೆ ಬಂದರೂ ಬರಬಹುದು, ಬರದೆಯೂ ಇರಬಹುದು ಎಂದರಂತೆ ಡಾಕ್ಟರು.

ಅಷ್ಟರಲ್ಲಿ ಪುಡಿಯ ಸಮಯ ಬಂತು. ಭಾನುವಾರ ಡಬ್ಬಿ ತೆಗೆದುಕೊಳ್ಳಲು ಬರುವುದಾಗಿ ನಾದಿನಿ ಫೋನಿನಲ್ಲಿ ಹೇಳಿದಳು. ಅತ್ತೆ ನನ್ನ ಮುಖ ನೋಡಿದರು. ಪುಡಿ ಕೆಟ್ಟರೆ ಗುಟ್ಟು ರಟ್ಟು. ಅವಳ ನಾಲಿಗೆಯನ್ನು ಬೆಳೆಸಿದ್ದೇ ಆ ಪುಡಿ.

ಶನಿವಾರ ಬೆಳಿಗ್ಗೆ ನಾನು ಎಂದಿನಂತೆ ಮೊರ ತೆಗೆದುಕೊಂಡು ಹೊಸ್ತಿಲಲ್ಲಿ ಕೂತೆ.

"ಎದ್ದು ಬಾ ಇಲ್ಲಿ. ಕೈ ನನ್ನದು, ಮೂಗು ನಿನ್ನದು. ವಾಸನೆ ಬಂದ ಕೂಡ್ಲೆ ಹೇಳು."

ಹನ್ನೊಂದು ವರ್ಷದ ಮೇಲೆ ಬಂದ ಕರೆ. ಸೆರಗಿಗೆ ಕೈ ಒರೆಸಿಕೊಂಡು ಹೋಗಿ ಪಕ್ಕದಲ್ಲಿ ನಿಂತೆ. ಅತ್ತೆ ಕೊತ್ತಂಬರಿ ಬೀಜವನ್ನು ಬಾಣಲೆಗೆ ಸುರಿದು, ಸಣ್ಣ ಉರಿಯಲ್ಲಿ ಸೌಟು ಆಡಿಸತೊಡಗಿದರು. ನನಗೆ ಭಯವೇನೂ ಇರಲಿಲ್ಲ. ಆ ವಾಸನೆ ನನಗೆ ಚೆನ್ನಾಗಿ ಗೊತ್ತು. ಇಷ್ಟು ವರ್ಷ ಮೂಗಿನ ತುಂಬ ಎಳೆದುಕೊಂಡದ್ದು ಅದನ್ನೇ.

"ಬಂತಾ?"

"ಇನ್ನೂ ಇಲ್ಲ."

"ಈಗ?"

"ಇರಿ ಅತ್ತೆ, ಇನ್ನೂ ಬಂದಿಲ್ಲ."

ಬಂತು. ನನಗೆ ಗೊತ್ತಿದ್ದ ಅದೇ ವಾಸನೆ. "ಈಗ!" ಎಂದೆ. ಅತ್ತೆ ಬಾಣಲೆ ಇಳಿಸಿ ಕಿಟಕಿಯ ಬೆಳಕಿಗೆ ಹಿಡಿದರು. ಬೀಜ ಕಂದು ದಾಟಿ ಕಪ್ಪಿಗೆ ತಿರುಗಿತ್ತು. ಒಂದು ಕಾಳು ಬಾಯಿಗೆ ಹಾಕಿಕೊಂಡೆ, ಕಹಿ. ಅರ್ಧ ಚೀಲ ಕೊತ್ತಂಬರಿ ಹಾಳಾಗಿತ್ತು.

"ಹನ್ನೊಂದು ವರ್ಷದಿಂದ ಏನು ಮೂಸ್ತಿದ್ದೆ ನೀನು?" ಎಂದರು ಅತ್ತೆ.

ನನಗೂ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. "ಹನ್ನೊಂದು ವರ್ಷ ಹೊಸ್ತಿಲಲ್ಲಿ ಕೂರಿಸಿದ್ದು ಯಾರು? ಅಲ್ಲಿಗೆ ಬರೋ ವಾಸನೆ ಬಿಟ್ರೆ ನನಗೆ ಇನ್ಯಾವುದು ಗೊತ್ತು?"

ಅತ್ತೆ ಬಾಣಲೆಯನ್ನೂ ಬಾಗಿಲನ್ನೂ ಒಮ್ಮೆ ನೋಡಿದರು. ಆಮೇಲೆ ಸೌಟನ್ನು ಕೆಳಗಿಟ್ಟರು.

"ಹೌದು. ತಪ್ಪು ನನ್ನದೇ" ಎಂದರು. "ನೀನು ಕಾಯ್ತಿರೋದು ಬಾಗಿಲ ವಾಸನೆ. ಅಡುಗೆಮನೆಯೆಲ್ಲ ತುಂಬಿ ಅದು ಅಲ್ಲಿಗೆ ಬರೋ ಹೊತ್ತಿಗೆ ನಾನು ಯಾವಾಗಲೋ ಬಾಣಲೆ ಇಳಿಸಿರ್ತಿದ್ದೆ. ಒಲೆ ಹತ್ರ ಅಷ್ಟು ಗಾಢ ವಾಸನೆ ಬಂತು ಅಂದ್ರೆ ಬೀಜ ಸೀದುಹೋಯ್ತು ಅಂತಲೇ ಅರ್ಥ."

ಅವರ ಬಾಯಲ್ಲಿ ‘ತಪ್ಪು ನನ್ನದೇ’ ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು. ಕೇಳಿದರೆ ಕುಣಿದಾಡುತ್ತೇನೆ ಎಂದುಕೊಂಡಿದ್ದೆ, ಅಂಥದ್ದೇನೂ ಆಗಲಿಲ್ಲ. ಸುಮ್ಮನೆ ಬಾಣಲೆ ತೊಳೆದು ತಂದೆ.

ಉಳಿದರ್ಧ ಚೀಲದಲ್ಲಿ ಮತ್ತೆ ಶುರುಮಾಡಿದೆವು. ಈ ಸಲ ಅತ್ತೆ ಕಣ್ಣು ಮುಚ್ಚಿ, ನೆನಪು ಮಾಡಿಕೊಂಡು ಹೇಳುತ್ತಾ ಹೋದರು. "ಮೊದಲು ಒದ್ದೆ ಹುಲ್ಲಿನ ಥರ ಬರುತ್ತೆ. ಬಂತಾ?"

"ಬಂತು."

"ಆಮೇಲೆ ಸ್ವಲ್ಪ ಹೊತ್ತು ಏನೂ ಇರಲ್ಲ. ಗಾಬರಿ ಆಗಬೇಡ, ಉರಿ ಜಾಸ್ತಿ ಮಾಡಬೇಡ. ಎಲ್ಲರೂ ಕೆಡಿಸೋದು ಇಲ್ಲೇ."

ನಿಜಕ್ಕೂ ವಾಸನೆ ನಿಂತುಹೋಯಿತು. ಕಾಳುಗಳು ಬಾಣಲೆಯಲ್ಲಿ ಹಗುರಾಗಿ ಸದ್ದು ಮಾಡತೊಡಗಿದವು.

"ಈಗ ಸಣ್ಣಗೆ ಸಿಹಿ ಬರುತ್ತೆ. ಕಿತ್ತಳೆ ಸಿಪ್ಪೆ ಸುಲಿದ ಹಾಗೆ. ಮೂಗಿಗೆ ತಾಗಿತೋ ಇಲ್ವೋ ಅನ್ನೋ ಅಷ್ಟೇ."

"ಈಗ!"

ಇಳಿಸಿದರು. ಎಲ್ಲ ಕಾಳೂ ಒಂದೇ ಬಣ್ಣ. ಹಾಗೇ ಜೀರಿಗೆ, ಮೆಂತ್ಯ, ಸಾಸಿವೆ, ಕಾಳುಮೆಣಸು. ಒಂದೊಂದಕ್ಕೂ ಅವರು ಮಾತು ಹುಡುಕಿದರು, ನಾನು ಮೂಗು ಕೊಟ್ಟೆ. ಇಷ್ಟು ವರ್ಷ ಮುಚ್ಚಿಟ್ಟದ್ದನ್ನೆಲ್ಲ ಒಂದೇ ಬೆಳಿಗ್ಗೆ ಹೇಳಿಬಿಟ್ಟರು. ಒಣಮೆಣಸಿನಕಾಯಿ ಹುರಿಯುವಾಗ ಇಬ್ಬರಿಗೂ ಸೀನು ಹತ್ತಿಕೊಂಡಿತು. ಅತ್ತೆ ಏಳು ಸಲ ಸೀನಿದರು.

"ನೋಡಿದ್ಯಾ, ಮೂಗು ಪೂರ್ತಿ ಸತ್ತಿಲ್ಲ" ಎಂದು ಕಣ್ಣೊರೆಸಿಕೊಂಡು ನಕ್ಕರು. ಜ್ವರದ ನಂತರ ಅವರು ನಕ್ಕಿರಲಿಲ್ಲ.

ಅರಿಶಿನ ಸೇರಿಸಿ, ಮಿಕ್ಸಿಯಲ್ಲಿ ಪುಡಿಮಾಡಿ, ಜರಡಿ ಹಿಡಿದೆವು. "ಹೇಗಿದೆ?" ಎಂದರು. ಮೂಸಿದೆ. "ಮೆಂತ್ಯ ಒಂಚೂರು ಮುಂದಿದೆ. ಎರಡು ದಿನ ಕೂತರೆ ಸರಿಹೋಗುತ್ತೆ ಅನ್ಸುತ್ತೆ" ಎಂದೆ. ಅತ್ತೆ ತಲೆಯಾಡಿಸಿದರು.

ಭಾನುವಾರ ನಾದಿನಿ ಬಂದವಳೇ ಚಪ್ಪಲಿ ಬಿಟ್ಟು ನೇರ ಡಬ್ಬಿಗೆ ಕೈ ಹಾಕಿದಳು. ಮುಚ್ಚಳ ತೆಗೆದು ಮೂಸಿದಳು. ಇನ್ನೊಮ್ಮೆ ಮೂಸಿದಳು. ಅತ್ತೆಯ ಬೆರಳು ಮೇಜಿನ ಅಂಚು ಹಿಡಿದಿದ್ದು ನನಗೆ ಕಾಣುತ್ತಿತ್ತು.

"ಅಬ್ಬಾ! ಅಮ್ಮನ ಕೈ ಅಂದ್ರೆ ಅಮ್ಮನ ಕೈ" ಎಂದಳು. "ಅತ್ತಿಗೆ, ನೀವೂ ಕಲಿತುಕೊಳ್ಳಿ, ಎಷ್ಟು ದಿನ ಅಂತ ಕಲ್ಲು ಆರಿಸ್ತೀರಾ?" ಎನ್ನುತ್ತಲೇ ಡಬ್ಬಿಯನ್ನು ಅತ್ತೆಯ ಮೂಗಿನ ಹತ್ತಿರ ಹಿಡಿದಳು. "ನೋಡಮ್ಮ, ಹೇಗೆ ಬಂದಿದೆ!"

ಅತ್ತೆ ಉದ್ದಕ್ಕೆ ಉಸಿರೆಳೆದುಕೊಂಡರು. "ಮೆಂತ್ಯ ಒಂಚೂರು ಮುಂದಿದೆ" ಎಂದರು ಗಂಭೀರವಾಗಿ. "ಎರಡು ದಿನ ಕೂತರೆ ಸರಿಹೋಗುತ್ತೆ."

ನನ್ನ ಮಾತು, ನನ್ನೆದುರಿಗೇ! ಹೊಟ್ಟೆ ಉರಿಯಿತು, ಅದರ ಜೊತೆಗೇ ನಗು ಬಂತು. ‘ಮಾಡಿದ್ದು ನಾನು’ ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಷ್ಟು ಹೇಳಿದರೆ ಏಕೆ ಎಂದು ಕೇಳುತ್ತಾಳೆ, ಏಕೆ ಎಂದು ಹೇಳಿದರೆ ಪೆಟ್ಟಿಗೆ ಕಟ್ಟುತ್ತಾಳೆ. ಅತ್ತೆ ಇಲ್ಲದ ಅಡುಗೆಮನೆ ಈಗ ನನಗೆ ಬೇಕಿರಲಿಲ್ಲ.

"ಕಲೀತೀನಿ" ಎಂದೆ.

ಅವಳು ತನ್ನ ಡಬ್ಬಿಯ ಜೊತೆ ತಮ್ಮನ ಡಬ್ಬಿಯನ್ನೂ ಎತ್ತಿಕೊಂಡು ಹೋದಳು. ನಾನು ಬಾಗಿಲು ಹಾಕಿ ಬರುವಾಗ ಅತ್ತೆ ಕಾಗದ ಸುತ್ತಿ ದಾರ ಕಟ್ಟಿದ ಇನ್ನೊಂದು ಡಬ್ಬಿಯನ್ನು ಮೇಜಿನ ಮೇಲಿಟ್ಟರು.

"ನಾಳೆ ತಾಯಿ ಮನೆಗೆ ಹೋಗ್ತೀಯಲ್ಲ, ನಿಮ್ಮಮ್ಮನಿಗೆ ಕೊಡು. ಡಬ್ಬಿ ವಾಪಸ್ ತಾ, ಅದು ಒಳ್ಳೆ ಡಬ್ಬಿ."

ಬಾಯಿ ಮುಚ್ಚಿಸಲು ಕೊಟ್ಟ ಲಂಚ ಎಂದುಕೊಂಡೆ. ಹನ್ನೊಂದು ವರ್ಷ ಹೊಳೆಯದಿದ್ದದ್ದು ಇಂದೇ ಹೊಳೆಯಿತೇ ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಗೊಣಗಿಕೊಂಡೆ. ಡಬ್ಬಿಯನ್ನು ತೊಡೆಯ ಮೇಲಿಂದ ಇಳಿಸಲಿಲ್ಲ ಎಂಬುದೂ ನಿಜ.

ಅಮ್ಮ ದಾರ ಬಿಚ್ಚಿ, ಕಾಗದ ತೆಗೆದು, ಕನ್ನಡಕ ಹುಡುಕಿ ಹಾಕಿಕೊಂಡಳು. "ಏನೋ ಚೀಟಿ ಬರೆದಿದ್ದಾರಲ್ಲೇ" ಎಂದು ಡಬ್ಬಿಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದಳು: "‘ನಿಮ್ಮ ಮಗಳು ಮಾಡಿದ್ದು.’"

ಓದಿ ನನ್ನನ್ನೇ ನೋಡಿದಳು. "ಹೌದೇನೇ? ಒಲೆ ಹತ್ರ ಬಿಟ್ಟುಕೊಂಡ್ರಾ ನಿನ್ನ?"

"ಹೂಂ" ಎಂದೆ. ನನ್ನ ಗಂಡನ ಹಾಗೆ ಅಷ್ಟೇ ಹೇಳಲು ಸಾಧ್ಯವಾಯಿತು. ಅಳು ಬಂದುಬಿಟ್ಟಿತ್ತು. ಅಮ್ಮ ಡಬ್ಬಿಯ ಮುಚ್ಚಳ ತೆಗೆದು ಎಷ್ಟೋ ಹೊತ್ತು ಮೂಸುತ್ತಾ ಕೂತಿದ್ದಳು.

ಮರುದಿನ ಹೊರಡುವಾಗ ಪುಡಿಯನ್ನು ಬೇರೆ ಡಬ್ಬಿಗೆ ಸುರಿದುಕೊ ಎಂದರೆ ಅಮ್ಮ ಕೇಳಲಿಲ್ಲ, ಆ ಚೀಟಿ ಇರುವ ಡಬ್ಬಿಯೇ ತನಗೆ ಬೇಕು ಎಂದಳು. ಬರಿಗೈಯಲ್ಲಿ ಮನೆಗೆ ಬಂದೆ. ಅತ್ತೆ ಡಬ್ಬಿ ಎಲ್ಲಿ ಎಂದು ಕೇಳಲಿಲ್ಲ. ಹಾಲಿನ ಪಾತ್ರೆಯನ್ನು ಒಲೆಯ ಮೇಲಿಟ್ಟುಕೊಂಡು, ಹಚ್ಚದೆ, ನಾನು ಬರುವುದನ್ನೇ ಕಾಯುತ್ತಾ ನಿಂತಿದ್ದರು.